ಗೃಹಬಳಕೆ

ನಗರಸಭೆಯ ನೀರಿನ ಮೀಟರು ಓದುವುದು ನನ್ನ ಕೆಲಸ.
ಮುಖ ನೋಡುವ ಮೊದಲೇ
ಮುಚ್ಚಳ ಎತ್ತುತ್ತೇನೆ.
ಒಳಗೆ ಇರುವೆ, ಬಸವನಹುಳು, ಒಮ್ಮೊಮ್ಮೆ ಕಪ್ಪೆ,
ಮಬ್ಬು ಗಾಜಿನಡಿ ತಿರುಗುವ ಕೆಂಪು ಮುಳ್ಳು.
ಮುಳ್ಳು ನೋಡಿ ಹೇಳಬಲ್ಲೆ:
ಈ ಮನೆಗೆ ನೆಂಟರು ಬಂದಿದ್ದಾರೆ,
ಈ ಮನೆಯಲ್ಲಿ ಕೂಸು ಹುಟ್ಟಿದೆ.

ಚಿಕ್ಕಮಗಳೂರಿನ ಕ್ಯೂರಿಂಗ್ ಗೋಡೆಯ ಹಿಂದಿನ ಗಲ್ಲಿ,
ಇಪ್ಪತ್ತಮೂರು ಮೀಟರು.
ನಾನು ಹುಟ್ಟಿದ್ದು ಹನ್ನೊಂದನೆಯದರಲ್ಲಿ.
ಆಗ ಮೀಟರೆಲ್ಲಿ, ಬೀದಿಗೊಂದು ನಲ್ಲಿ,
ಕೊಡಗಳು ಮನುಷ್ಯರಿಗಿಂತ ಮೊದಲೇ ಎದ್ದು ಸಾಲು ನಿಂತಿರುತ್ತಿದ್ದವು.
ಸೆಲ್ವಿಯಕ್ಕನ ಕೊಡ ನಾಗವೇಣಮ್ಮನ ಕೊಡಕ್ಕೆ ತಾಗಿದರೆ ಜಗಳ.
ನಮ್ಮಮ್ಮನದು ತಾಗಿದರೆ ಜಗಳವಿಲ್ಲ,
ಹುಣಸೆಹಣ್ಣು ಹಾಕಿ ತೊಳೆಯುವುದು. ಅಷ್ಟೆ.
ಹಳೇ ಗಲ್ಲಿ ಎಷ್ಟು ಚೆನ್ನಾಗಿತ್ತು ಎನ್ನುವವರಿಗೆ
ಇದನ್ನೂ ಹೇಳಬೇಕು.

ಏಳಕ್ಕೆ ಸೈರನ್ನು. ಹೆಂಗಸರು ಮೊರ ಹಿಡಿದು ಒಳಗೆ.
ಇದು ಎ, ಇದು ಬಿ, ಇದು ಪೀಬೆರಿ, ಇದು ಕರಿ.
ಕರಿಯನ್ನು ಪಕ್ಕಕ್ಕೆ ತಳ್ಳುವ ಅಮ್ಮನ ಹೆಬ್ಬೆರಳು
ಅನ್ನ ಕಲಸುವಾಗಲೂ ಏನನ್ನೋ ತಳ್ಳುತ್ತಿತ್ತು.
ಆಮೇಲೆ ಯಂತ್ರ ಬಂತು. ಬಣ್ಣ ನೋಡುತ್ತದೆ,
ಒಪ್ಪದ್ದನ್ನು ಉಫ್ ಎಂದು ಊದಿ ಎಸೆಯುತ್ತದೆ.
ಬಯ್ಗುಳವಿಲ್ಲ, ಸಿಟ್ಟಿಲ್ಲ.

ಊರು ಕಲಿತದ್ದು ಆ ಯಂತ್ರದಿಂದಲೇ ಇರಬೇಕು.
ಯಾರೂ ಯಾರಿಗೂ ಹೋಗು ಎನ್ನಲಿಲ್ಲ.
ಜುಬೇದಾಬಿಯ ಓನರು ಬಾಡಿಗೆ ಮೂರು ಸಾವಿರದಿಂದ ಒಂಬತ್ತಕ್ಕೇರಿಸಿ
ಟೀ ಕುಡಿಸಿ ಕಳಿಸಿದ. ಅವಳು ಉಪ್ಪಳ್ಳಿಯ ಕಡೆ ನಡೆದಳು.
ಸೆಲ್ವಿಯಕ್ಕನ ತಗಡು ಇಳಿಸಿದರು, ಇಟ್ಟಿಗೆ ಗೋಡೆ ಉಳಿಸಿದರು,
ಗಾರೆ ಬಳಿಯದೆ ಹಾಗೇ ಬಿಟ್ಟು
ಒಂದು ಇಂಗ್ಲಿಷ್ ಹೆಸರು ತೂಗುಹಾಕಿದರು.
ಗಾರೆಗೆ ದುಡ್ಡಿಲ್ಲದೆ ಹತ್ತೊಂಬತ್ತು ವರ್ಷ
ಅವಳು ಸೀರೆ ಒಣಹಾಕಿ ಮುಚ್ಚಿಕೊಂಡಿದ್ದ ಗೋಡೆ.
ಈಗ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ,
ಮೊರವೊಂದು ಮೊಳೆಗೆ ನೇತಾಡುತ್ತದೆ.
ನಾನು ಪುಸ್ತಕದಲ್ಲಿ ಗೃಹಬಳಕೆ ಹೊಡೆದು
ವಾಣಿಜ್ಯ ಎಂದು ಬರೆದೆ. ಒಂದೇ ಗೀಟು.

ಹನ್ನೊಂದಕ್ಕೆ ಬಾಡಿಗೆ ಬೋರ್ಡು ಬಿತ್ತು. ಆಸೆಯಾಯಿತು.
ಫೋನಿನಲ್ಲಿ ಕೇಳಿದರು: ನಿಮ್ಮದು ಯಾವ ಪೈಕಿ?
ನೀರಿನ ಪೈಕಿ, ಎಂದೆ.
ಅವರು ನಗಲಿಲ್ಲ.
ಮರುದಿನ, ಮನೆ ಅಡ್ವಾನ್ಸ್ ಆಗಿಹೋಯ್ತು, ಎಂದರು.
ತಿಂಗಳು ಕಳೆದು ಮುಚ್ಚಳ ಎತ್ತಿದೆ,
ಮೂರು ತಿಂಗಳು ಕಳೆದು ಮತ್ತೆ ಎತ್ತಿದೆ:
ಅದೇ ಅಂಕಿ.
ಮುಳ್ಳಿಗೆ ಸುಳ್ಳು ಬರುವುದಿಲ್ಲ.

ಕೊನೆಯ ಶೆಡ್ಡಿನಲ್ಲಿ ಜಾರ್ಖಂಡದ ಹನ್ನೊಂದು ಹುಡುಗರು,
ಕಾಫಿ ಕೊಯ್ಲಿಗೆ ಬಂದು ಗಾರೆಕೆಲಸಕ್ಕೆ ಉಳಿದವರು.
ಯಾವ ದೇಶದ ಮುಖಗಳೋ, ನೀರೆಲ್ಲ ಇವರೇ ಖಾಲಿ ಮಾಡ್ತಾರೆ,
ಎಂದರು ನಾಗವೇಣಮ್ಮ, ಗಲ್ಲಿಯಲ್ಲಿ ಉಳಿದ ಕೊನೆಯ ಕೊಡ.
ಲೆಕ್ಕ ತೋರಿಸಿದೆ: ಅವರದು ಏಳು ಯೂನಿಟ್ಟು,
ಇಟ್ಟಿಗೆ ಗೋಡೆಯದು ತೊಂಬತ್ತನಾಲ್ಕು.
ಕನ್ನಡಕ ತರುವೆನೆಂದು ಒಳಗೆ ಹೋದವರು ಬರಲಿಲ್ಲ.

ಬುಧುವಾ ಕುಜೂರ್ ಎಂಬವನು
ನಾನು ಬಾಗುವ ಮೊದಲೇ ಮುಚ್ಚಳ ಎತ್ತಿ
ಅಂಗಿಯ ಅಂಚಿನಿಂದ ಗಾಜು ಒರೆಸುತ್ತಾನೆ.
ಅಂದು ಬಿಸಿಲು. ಸ್ಟೀಲ್ ಲೋಟದಲ್ಲಿ ನೀರು ನೀಡಿದ.
ನನ್ನ ಕೈ ಒಂದು ಗೇಣು ಹಿಂದೆ ಸರಿಯಿತು.
ನನ್ನ ಕೈ! ಇಷ್ಟು ವರ್ಷ
ಎತ್ತಿ ಹೊಯ್ದ ನೀರಿಗೆ ಬೊಗಸೆಯೊಡ್ಡಿದ ಕೈ.
ಅವನು ಕಂಡಿರಬೇಕು. ಲೋಟ ಮಾತ್ರ ಹಾಗೇ ಹಿಡಿದಿದ್ದ.
ಕುಡಿದೆ. ಯಗಚಿಯ ನೀರು, ತುಸು ತುಕ್ಕಿನ ರುಚಿ.

ಮುಂದಿನ ತಿಂಗಳು ಶೆಡ್ಡಿಗೆ ಬೀಗ,
ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ಅಳತೆಗಳು.
ಮುಚ್ಚಳ ಎತ್ತಿದೆ. ಮುಳ್ಳು ತಿರುಗುತ್ತಿತ್ತು,
ನಿಧಾನ, ಯಾರೋ ಒಳಗೆ ಪಾತ್ರೆ ತೊಳೆಯುತ್ತಿರುವಂತೆ.
ಸೋರಿಕೆ ಎಂದು ಬರೆಯುವುದು ನಿಯಮ.
ಗೃಹಬಳಕೆ ಎಂದು ಬರೆದು
ಮುಚ್ಚಳ ಹಾಕಿದೆ.